ಜಲ್ಲಿಗುಂಡಿಯ ಬಡಗಣ ದರೆ

ಮೇಲ್ಮನೆಯ ಕೌಕೊ ಅಡುಗೆಮನೆಯ ಮೇಜಿನ ಮೇಲೆ ಹರಡಿದ ನಕ್ಷೆಯಲ್ಲಿ ತಾನೇ ಎಳೆದ ಒಂದು ಗೆರೆಯನ್ನು ಬೆಳಗಿನಿಂದ ದಿಟ್ಟಿಸುತ್ತ ಕೂತಿದ್ದ. ಗೆರೆ ನೆಟ್ಟಗಿತ್ತು; ಫಿನ್ಲೆಂಡಿನ ರೈಲು ಹಳಿ ಹಾಕಿದವರೆಲ್ಲ ಒಟ್ಟಾಗಿ ಬಂದು ಅಳೆದರೂ ಅದರಲ್ಲಿ ಕೂದಲೆಳೆಯ ಸೊಟ್ಟ ಸಿಗುತ್ತಿರಲಿಲ್ಲ. ತಪ್ಪು ಗೆರೆಯದಲ್ಲ. ಅದು ಜಲ್ಲಿಗುಂಡಿಯ ಬಡಗಣ ದರೆಯ, ಆ ಕಡಿದಾದ ಮಣ್ಣುಗೋಡೆಯ, ನೆತ್ತಿಯ ಹಿಂದಿನಿಂದ ಹೊರಟು, ದರೆಯ ಹೊಟ್ಟೆಯನ್ನು ಸೀಳಿಕೊಂಡು, ಗುಂಡಿಯ ನಡುವಿಗೆ ಬಂದು ಮಲಗಿತ್ತು. ಅಂದರೆ ಇವತ್ತು ಕಾಫಿಯ ಹೊತ್ತು ಕಳೆದ ಮೇಲೆ ಅಗೆಯುವ ಯಂತ್ರ ಬಂದು, ಆ ಗೆರೆಯ ಮೇಲಿರುವ ಮಣ್ಣನ್ನೆಲ್ಲ ಕೆಳಕ್ಕೆ ನೂಕಿ, ನಿಂತ ದರೆಯನ್ನು ಮಲಗಿದ ಇಳಿಜಾರು ಮಾಡುತ್ತದೆ. ಅದರ ಮೇಲೆ ಕಪ್ಪುಮಣ್ಣು ಹರಡಿ ಪೈನ್ ಸಸಿ ನೆಟ್ಟರೆ ಕೆಲವೇ ವರ್ಷದಲ್ಲಿ ಅಲ್ಲೊಂದು ಗುಂಡಿಯಿತ್ತೆಂದು ದೇವರಿಗೂ ನೆನಪಿರುವುದಿಲ್ಲ. ದರೆ ಉಳಿಯಬೇಕೆಂದು ಕೌಕೊನಿಗೆ ಆಸೆ. ಅದನ್ನು ಅಳಿಸುವ ಯೋಜನೆ ಬರೆದವನೂ ಕೌಕೊನೇ.

"ಇನ್ನೂ ಪೆನ್ಸಿಲ್‌ನಲ್ಲೇ ಇದೆಯಲ್ಲ," ಎಂದಳು ಹೆಂಡತಿ ಲೆಂಪಿ, ಏಲಕ್ಕಿ ಬನ್ನಿನ ತಟ್ಟೆಯನ್ನು ನಕ್ಷೆಯ ಮೇಲೇ ಇಟ್ಟು. "ಶಾಯಿ ಹಾಕ್ತೀನಿ ಅಂದಿದ್ದೆ."

"ಹಾಕ್ತೀನಿ."

"ಯಾವಾಗ? ಸಸಿ ಬೆಳೆದು ಮರ ಆದ್ಮೇಲಾ?"

"ಕೆರೆ ಮೇಲೆ ಬನ್ನು ಇಟ್ಟಿದೀಯ."

"ಇರ್ಲಿ ಬಿಡು. ಕೆರೆಗೂ ಹಸಿವಾಗಿರುತ್ತೆ."

ಲೆಂಪಿಯ ಅಪ್ಪ ಅಮ್ಮ ಯುದ್ಧದ ಕಾಲಕ್ಕೆ ಕರೇಲಿಯಾದಿಂದ ಒಂದು ಹಸು, ಒಂದು ಗೋಡೆಗಡಿಯಾರ ಕಟ್ಟಿಕೊಂಡು ಬಂದವರು. ಮೂರನೆಯದಾಗಿ ಅವರ ಜೊತೆ ಬಂದದ್ದು ಮಾತು. ಅಲ್ಲಿಯವರೆಗೆ ನಮ್ಮ ಸೊರ್ಮುಲಾದಲ್ಲಿ ಆ ಪದಾರ್ಥವನ್ನು ಯಾರೂ ಕಂಡಿರಲಿಲ್ಲ. ಸೊರ್ಮುಲಾದ ಮೌನದ ಮುಂದೆ ಬೇರೆ ಊರುಗಳ ಮೌನವೆಲ್ಲ ಸಂತೆಯ ಗದ್ದಲ. ಇಲ್ಲಿಯ ಒಬ್ಬ ತನ್ನ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಪಕ್ಕದ ಮನೆಗೆ ಹೋಗಿ, ಕಾಫಿ ಕುಡಿದು, ಗಾಳಿ ಯಾವ ಕಡೆಗಿದೆಯೆಂದು ವಿಚಾರಿಸಿ, ಹೊರಡುವಾಗ ಬಾಗಿಲಲ್ಲಿ ನಿಂತು ಟೋಪಿ ಹಾಕಿಕೊಳ್ಳುತ್ತ, "ಒಂದು ಬಕೆಟ್ ಇದ್ರೆ ಆಗ್ತಿತ್ತು" ಅಂದನಂತೆ. ಅಂಥ ಊರಿನಲ್ಲಿ ಲೆಂಪಿ ಒಬ್ಬಳು ಹಾಲು, ಮಳೆ, ಮಂತ್ರಿ, ಮೊಣಕಾಲು ನೋವು, ಯೇಸುಕ್ರಿಸ್ತ ಎಲ್ಲದರ ಬಗೆಗೂ ಮಾತಾಡಬಲ್ಲವಳು. ಒಂದೇ ಒಂದು ಸಂಗತಿಯನ್ನು ಮಾತ್ರ ಕೌಕೊನ ಮುಂದೆ ಮದುವೆಯಾದಂದಿನಿಂದ ಇವತ್ತಿನವರೆಗೆ ಬಾಯಿ ತಪ್ಪಿಯೂ ಎತ್ತಿರಲಿಲ್ಲ. ಇಷ್ಟು ಮಾತಿನವಳು ಅದೊಂದನ್ನು ಬಿಟ್ಟಿದ್ದಾಳೆಂದರೆ ಅದು ಅವಳಿಗೆ ಎಷ್ಟು ಚೆನ್ನಾಗಿ ನೆನಪಿರಬೇಕು ಎಂದು ಕೌಕೊ ಎಷ್ಟೋ ಸಲ ಮಗ್ಗುಲು ಬದಲಿಸಿದ್ದಾನೆ.

ಬನ್ನನ್ನು ಕಾಫಿಯಲ್ಲಿ ಅದ್ದಿದಾಗ ಏಲಕ್ಕಿಯ ಘಮದ ಹಿಂದೆ ಡಾಂಬರು ಉರಿಯುವ ವಾಸನೆ ಬಂತು. ಹಾಗೆ ಬರುವುದು ಅವನಿಗೆ ಹೊಸದಲ್ಲ. ಅವನು ಹುಡುಗನಾಗಿದ್ದಾಗಿನ ಚಳಿಗಾಲದ ಭಾನುವಾರಗಳಲ್ಲಿ ಗುಂಡಿಯ ಅಂಚಿಗೆ ಡಾಂಬರಿನ ಪೀಪಾಯಿಗೆ ಬೆಂಕಿ ಕೊಟ್ಟಿರುತ್ತಿದ್ದರು; ಅದರ ಬೆಳಕಿನಲ್ಲಿ ಹಿಮ ಕಿತ್ತಳೆ ಬಣ್ಣವಾಗುತ್ತಿತ್ತು. ಹೆಣ್ಣುಮಕ್ಕಳು ಕಪ್ಪುದ್ರಾಕ್ಷಿಯ ಬಿಸಿ ರಸ ಮಾರುತ್ತಿದ್ದರು, ಆ ರಸದಲ್ಲಿ ತುಟಿ ನೇರಳೆಯಾದ ಲೆಂಪಿಯೂ ಅವರಲ್ಲಿ ಇದ್ದಳು. ದರೆಯ ನೆತ್ತಿಯ ಮೇಲೆ ಊರಿನ ಗಂಡಸರು ಪೈನ್ ದಿಮ್ಮಿಗಳಿಂದ ಒಂದು ಅಟ್ಟಣೆ ಕಟ್ಟಿದ್ದರು. ಹುಡುಗರು ಏಣಿ ಹತ್ತಿ, ಅಟ್ಟಣೆಯ ತುದಿಯಲ್ಲಿ ಸ್ಕೀ ಹಲಗೆ ಕಾಲಿಗೆ ಬಿಗಿದು, ಹಿಮ ಮೆತ್ತಿದ ಹಲಗೆಯ ಮೇಲೆ ಜಾರಿ ಬಂದು, ದರೆಯ ಅಂಚಿನಿಂದ ಗುಂಡಿಯ ಗಾಳಿಗೆ ಹಾರಿ, ಕೆಳಗಿನ ಹಿಮದ ಇಳಿಜಾರಿನಲ್ಲಿ ಕಾಲೂರುತ್ತಿದ್ದರು. ಎಷ್ಟು ದೂರ ಹಾರಿದರೆಂದು ತೋರಿಸಲು ಅಳತೆಯವನು ಅವರ ಹಿಮ್ಮಡಿ ತಾಗಿದ ಜಾಗದಲ್ಲಿ ಒಂದು ಪೈನ್ ಕೊಂಬೆ ಚುಚ್ಚುತ್ತಿದ್ದ. ಸೊರ್ಮುಲಾದ ಅಟ್ಟಣೆ ಎಷ್ಟು ಎತ್ತರವಿತ್ತೆಂದರೆ ಮೇಲೆ ನಿಂತವನಿಗೆ ನಾಳೆಯ ಹವಾಮಾನ ಕಾಣುತ್ತಿತ್ತು. ಅಲ್ಲಿಂದ ಹಾರಿದ ಒಬ್ಬ ಹುಡುಗ ಕೆಳಗೆ ಬರುವಷ್ಟರಲ್ಲಿ ಅವನಿಗೆ ಮೀಸೆ ಬಂದಿತ್ತೆಂದು ಈಗಲೂ ಆಣೆ ಹಾಕುವವರಿದ್ದಾರೆ.

"ತಣ್ಣಗಾಯ್ತು," ಎಂದಳು ಲೆಂಪಿ.

"ಏನು?"

"ಕಾಫಿ. ಬೇರೆ ಏನು ತಣ್ಣಗಾಗುತ್ತೆ ನಿನ್ನ ಕೈಲಿ."

ಅವನು ನಕ್ಷೆ ಮಡಿಸಿ ಕೋಟಿನ ಒಳಜೇಬಿಗೆ ಸೇರಿಸಿ, ಬೂಟು ಹಾಕಿಕೊಂಡು ಹೊರಟ. ಮೇ ತಿಂಗಳ ಬೆಳಕು ಎಲೆಯಿಲ್ಲದ ಬರ್ಚ್ ಮರಗಳ ನಡುವೆ ಯಾವ ತಡೆಯೂ ಇಲ್ಲದೆ ನೆಲಕ್ಕೆ ಬೀಳುತ್ತಿತ್ತು. ದಾರಿಯ ಜಲ್ಲಿ ಬೂಟಿನಡಿ ಕರಕರ ಎಂದಿತು. ಸೊರ್ಮುಲಾದ ಜಲ್ಲಿಯಂಥ ಜಲ್ಲಿ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಚಂದ್ರನ ಮೇಲಿರಬಹುದು, ಆದರೆ ಅಲ್ಲಿಂದ ಗಾಡಿ ಬರುವುದಿಲ್ಲ. ಈ ದಾರಿ ಇಲ್ಲಿಂದ ಚರ್ಚಿನವರೆಗೆ ಹೋಗುತ್ತದೆ, ಅದರ ಉದ್ದಕ್ಕೂ ಬಿದ್ದಿರುವುದು ಆ ಗುಂಡಿಯ ಒಡಲೇ. ಗುಂಡಿಯಲ್ಲಿ ಇಲ್ಲದ್ದೆಲ್ಲ ದಾರಿಯಲ್ಲಿ ಇದೆ. ಚಳಿಗಾಲದಲ್ಲಿ ಅಪ್ಪ ಕುದುರೆಗೆ ಜಾರುಗಾಡಿ ಕಟ್ಟಿ, ಹೆಪ್ಪುಗಟ್ಟಿದ ದರೆಯನ್ನು ಹಾರೆಯಿಂದ ಒಡೆದು, ಮರದ ಪೆಟ್ಟಿಗೆ ತುಂಬಿಸಿ, ದಾರಿಯ ಬದಿಗೆ ಒಂದೊಂದು ಗುಡ್ಡೆ ಸುರಿಯುತ್ತ ಹೋಗುತ್ತಿದ್ದ. ಹಿಮ ಕರಗಿ ದಾರಿ ಗಂಜಿಯಾದಾಗ ಮನೆಮನೆಯವರು ಸಲಿಕೆ ಹಿಡಿದು ಬಂದು ಅದನ್ನು ಹರಡುತ್ತಿದ್ದರು. ಅಪ್ಪ ಗುಡ್ಡೆಯ ಮೇಲೆ ಅಂಗೈ ಬಡಿದು ಅದಕ್ಕೊಂದು ಆಕಾರ ಕೊಡುತ್ತಿದ್ದ, ಬೆಣ್ಣೆ ಮುದ್ದೆಯನ್ನು ತಟ್ಟುವ ಹಾಗೆ. ಹುಡುಗ ಕೌಕೊನ ಬೆನ್ನ ಮೇಲೂ ಒಂದೊಂದು ಸಲ ಅದೇ ಅಂಗೈ ಹಾಗೇ ಬೀಳುತ್ತಿತ್ತು. ಕುದುರೆಯ ಮೂಗಿನಿಂದ ಬರುತ್ತಿದ್ದ ಹಬೆ. ಅಪ್ಪನ ಉಣ್ಣೆ ಕೈಗವಸಿನ ಮೇಲೆ ಹೆಪ್ಪುಗಟ್ಟಿದ ಮಂಜಿನ ಮಣಿಗಳು. ಆಮೇಲೆ ಎಷ್ಟೇ ಕಾಯಿಸಿದ ಮನೆ, ಎಷ್ಟೇ ಬೆಚ್ಚಗಿನ ಹಾಸಿಗೆ ಬಂದರೂ ಆ ಚಳಿಯಷ್ಟು ಬೆಚ್ಚಗಿನದು ಕೌಕೊನಿಗೆ ಮತ್ತೆ ಸಿಗಲಿಲ್ಲ.

ಪರವಾನಗಿ ಮುಗಿದಿದೆ, ಇನ್ನು ಗುಂಡಿ ಮುಚ್ಚುವ ಯೋಜನೆ ಕೊಡಿ ಎಂದು ಪಂಚಾಯ್ತಿ ಕಚೇರಿಯವರು ಕರೆದಿದ್ದರು. ಅಲ್ಲಿದ್ದ ಹುಡುಗಿ ಒಳ್ಳೆಯವಳೇ. ಆದರೆ ಅವನ ಬಿಳಿ ಹುಬ್ಬು ನೋಡಿದವಳೇ ದನಿ ಏರಿಸಿ, "ಕೌಕೊ, ಇ-ಳಿ-ಜಾ-ರು ಮಾಡ್ಬೇಕು, ಗೊತ್ತಾಯ್ತಾ," ಎಂದು ಗುಡ್ಡದಾಚೆಯವನಿಗೆ ಕೂಗುವ ಹಾಗೆ ಹೇಳಿದಳು. ಕೌಕೊನ ಕಿವಿ ಎಷ್ಟು ಚುರುಕೆಂದರೆ ಅವನಿಗೆ ಕೆರೆಯ ಮೀನು ಆಕಳಿಸಿದ್ದು ಕೇಳುತ್ತದೆ. ಆದರೂ ಅವನು ಕಿವಿಯ ಹಿಂದೆ ಕೈಯಿಟ್ಟು ತಲೆ ಆಡಿಸಿದ. ಅವಳು ತಪ್ಪು ತಿಳಿದದ್ದು ಅವಳಿಗೆ ಗೊತ್ತಾಗಿ ನಾಚಿಕೆಯಾಗಬಾರದಲ್ಲ. ಎರಡು ದಾರಿಯಿದೆ ಎಂದು ಅವಳು ಹೇಳಿದಳು. ಇಡೀ ಗುಂಡಿಯನ್ನು ಇಳಿಜಾರು ಮಾಡಬಹುದು. ಇಲ್ಲವಾದರೆ ಬಡಗಣ ದರೆಯನ್ನು ಹಾಗೇ ಬಿಟ್ಟು ಮೇಲೊಂದು ಬೇಲಿ ಹಾಕಬಹುದು, ಅಲ್ಲಿ ತೂತು ಕೊರೆದು ಗೂಡು ಮಾಡುವ ದರೆಹಕ್ಕಿಗಳಿಗಾಗಿ. ಯಾವುದಾದರೂ ಸರಿ, ಊರು ಒಪ್ಪಿದರೆ ಆಯಿತು. ಇಳಿಜಾರು ಮಾಡುವುದಾದರೆ ಮಾತ್ರ ಹಕ್ಕಿಗಳು ದಕ್ಷಿಣದಿಂದ ಬರುವ ಮೊದಲು ಮುಗಿಸಿ, ಬಂದ ಮೇಲೆ ಯಾರೂ ಮುಟ್ಟುವ ಹಾಗಿಲ್ಲ.

ಸಭೆ ನಡೆದದ್ದು ಹಿಮ ಕರಗುವ ಮೊದಲು, ಮುಚ್ಚಿಹೋದ ಶಾಲೆಯ ಕೋಣೆಯಲ್ಲಿ. ದಾರಿಯುದ್ದಕ್ಕೂ ಮನೆಯಿರುವವರೆಲ್ಲ ದಾರಿ ಸಂಘದ ಸದಸ್ಯರು. ದಾರಿ ಅವರದು, ಗುಂಡಿ ಅವರದು, ಅಧ್ಯಕ್ಷನಾಗಿ ಕೌಕೊನೂ ಅವರವನೇ. ಸೊರ್ಮುಲಾದಲ್ಲಿ ಕೈ ಎತ್ತಿ ಮತ ಹಾಕುವ ಪದ್ಧತಿಯಿಲ್ಲ, ಅದು ಜಗಳ ಆಡಿದ ಹಾಗೆ. ಅಧ್ಯಕ್ಷ ಮೊದಲು ಓದಿದ್ದು ಅಧ್ಯಕ್ಷನ ಇಷ್ಟ. ಯಾರೂ ಬಾಯಿ ಬಿಡದಿದ್ದರೆ ಅದೇ ಊರಿನ ಇಷ್ಟ. ಆಮೇಲೆ ಮರದ ಸುತ್ತಿಗೆಯಿಂದ ಮೇಜು ಕುಟ್ಟುವುದು, ಕಾಫಿ ಕುಡಿಯುವುದು. ಆದಿಯಲ್ಲಿ ದೇವರು ಬೆಳಕಾಗಲಿ ಎಂದಾಗಲೂ ಸೊರ್ಮುಲಾದವರು ಹೀಗೇ ಒಪ್ಪಿಕೊಂಡಿದ್ದು. ಕಚೇರಿಯಿಂದ ಬಂದ ಕಾಗದದಲ್ಲಿ ಇಳಿಜಾರಿನ ಮಾತು ಮೇಲಿತ್ತು, ದರೆಯ ಮಾತು ಕೆಳಗಿತ್ತು. ಕೌಕೊ ಬರೆದಿದ್ದ ಕ್ರಮದಲ್ಲೇ ಓದಿಬಿಟ್ಟ. ಓದಿ ತಲೆಯೆತ್ತಿದ. ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, 'ದರೆ ಇರ್ಲಿ' ಅಂದಿದ್ದರೆ ಸಾಕಿತ್ತು. ತಾನೇ ಅನ್ನಬಹುದಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಮಾತು ತನ್ನ ಬಾಯಿಂದ ಬಂದ ಕ್ಷಣ ಕೋಣೆಯಲ್ಲಿದ್ದ ಪ್ರತಿಯೊಂದು ತಲೆಯೊಳಗೂ ಆ ಏಣಿ ಎದ್ದು ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಾರದವನಿಗೆ ದರೆ ಯಾಕಂತೆ? ಎದುರಿನ ಬೆಂಚಿನಲ್ಲಿ ದಂಡೆಮನೆಯ ಒಯ್ವ ಟೋಪಿಯ ಒಳಗನ್ನು ಓದುತ್ತ ಕೂತಿದ್ದ. ಹಿಂದಿನ ಸಾಲಿನಲ್ಲಿ ಲೆಂಪಿ. ಅವಳೂ ಕಿಟಕಿಯಾಚೆ ನೋಡುತ್ತಿದ್ದಳು. ಒಲೆಯಲ್ಲಿ ಸೌದೆ ಸಿಡಿದದ್ದನ್ನು ಬಿಟ್ಟರೆ ಆ ಸಭೆಯಲ್ಲಿ ಬೇರೆ ಯಾರೂ ಮಾತಾಡಲಿಲ್ಲ. ಕೌಕೊ ಸುತ್ತಿಗೆ ಎತ್ತಿದ. ಅದು ಕುಟ್ಟಿದ ಸದ್ದು ಸ್ವೀಡನ್ನಿನವರೆಗೆ ಕೇಳಿರಬೇಕು.

ಗುಂಡಿಯ ಬಾಯಿಗೆ ಬಂದಾಗ ಎಂದಿನಂತೆ ಗಾಳಿ ನಿಂತಿತು. ಒಳಗೆ ಬೇರೆಯೇ ಹವೆ. ಮರಳಿನ ಗೋಡೆಗಳು ಬಿಸಿಲನ್ನು ಹಿಡಿದಿಟ್ಟುಕೊಂಡಿದ್ದವು. ಎದುರಿಗೆ ಬಡಗಣ ದರೆ. ಪಂಚಾಯ್ತಿಯ ಅಳತೆಯಲ್ಲಿ ಅದು ಮೂರಾಳೆತ್ತರ, ಸೊರ್ಮುಲಾದ ಅಳತೆಯಲ್ಲಿ ಮೋಡಗಳು ಸುತ್ತುಹಾಕಿಕೊಂಡು ಹೋಗುವಷ್ಟು. ಬಲಗಡೆ ಲಂಬವಾಗಿ ನಿಂತಿದ್ದ ಭಾಗದಲ್ಲಿ ಹಳೆಯ ಗೂಡುಗಳ ತೂತುಗಳು, ಕೊಳಲಿನ ಮೈಯಂತೆ. ಎಡಗಡೆ ಅಟ್ಟಣೆಯಿದ್ದ ಜಾಗದ ಕೆಳಗೆ ದರೆ ಸ್ವಲ್ಪ ವಾಲಿ, ಉದುರಿದ ಮರಳಿನ ಉದ್ದನೆಯ ಜಾರಾಗಿತ್ತು. ಹಾರಿದವರು ಕಾಲೂರುತ್ತಿದ್ದದ್ದು ಅಲ್ಲೇ. ಅಟ್ಟಣೆಯನ್ನು ಎಂದೋ ಸೌದೆ ಮಾಡಿ ಸುಟ್ಟರು. ಅದರ ಕಾಲಿಗೆ ಕೊಟ್ಟಿದ್ದ ನಾಲ್ಕು ಕಲ್ಲು ಮಾತ್ರ ನೆತ್ತಿಯ ಮೇಲೆ ಉಳಿದಿದ್ದವು.

ಒಯ್ವ ಆಗಲೇ ಬಂದು ಗುಂಡಿಯ ತಳದಲ್ಲಿ ಬಂಡೆಯೊಂದರ ಮೇಲೆ ಕುಂಟುಕಾಲು ಚಾಚಿ ಕೂತಿದ್ದ. ಆ ಕಾಲು ಸೌದೆ ಕಡಿಯುವಾಗ ಕೆಟ್ಟದ್ದು, ಹಾರುವಾಗಲ್ಲ. ಹಾರುವುದರಲ್ಲಿ ಅವನನ್ನು ಮೀರಿಸಿದವರು ಈ ಜಿಲ್ಲೆಯಲ್ಲಿರಲಿ, ಹಕ್ಕಿಗಳಲ್ಲೂ ಕಡಿಮೆ. ಆಮೇಲೆ ಅವನೇ ಅಳತೆಯವನಾದ. ಅಳತೆಯಲ್ಲಿ ಒಯ್ವ ಧರ್ಮರಾಯ. ಸ್ವಂತ ತಮ್ಮ ಹಾರಿದಾಗಲೂ ಒಂದು ಬೆರಳು ಹೆಚ್ಚು ಕೊಡದೆ ಇದ್ದುದಕ್ಕೆ ತಮ್ಮ ಅವನ ಜೊತೆ ಎರಡು ಚಳಿಗಾಲ ಮಾತು ಬಿಟ್ಟಿದ್ದ; ಸೊರ್ಮುಲಾದಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ ಅನ್ನುವುದು ಬೇರೆ.

"ಗೂಟ ತಾ ಅಂದಿದ್ದೆ," ಎಂದ ಕೌಕೊ. ಒಯ್ವನ ಪಕ್ಕದಲ್ಲಿ ಇದ್ದದ್ದು ಪೈನ್ ಕೊಂಬೆಗಳ ಕಟ್ಟು, ಹಸಿರು ಸೂಜಿಯೆಲೆ ಸಮೇತ.

"ಹ್ಞೂಂ."

"ಇದು ಕೊಂಬೆ."

"ನೆಲಕ್ಕೆ ಚುಚ್ಚಿದ್ರೆ ಗೂಟಾನೇ."

ಇಬ್ಬರೂ ದರೆ ನೋಡಿದರು.

"ಇನ್ನೂ ಬಂದಿಲ್ಲ," ಎಂದ ಒಯ್ವ. ಹಕ್ಕಿಗಳ ಮಾತು.

"ಬರೋ ಮೊದ್ಲೇ ಮುಗಿಸ್ಬೇಕು."

"ಮುಗಿಸ್ಬೇಕು," ಎಂದ ಒಯ್ವ, ಬೇರೆಲ್ಲೋ ನೋಡುತ್ತ. ಆ ದನಿಯಲ್ಲಿ ಏನೋ ಇತ್ತು, ಶನಿವಾರದ ಹಬೆಸ್ನಾನದ ಸೌನಾದಲ್ಲೂ ಇತ್ತು. ಬಿಸಿಕಲ್ಲಿಗೆ ನೀರು ಎರಚಿ ಹಬೆ ಎದ್ದಾಗ ಒಯ್ವ ಬಾಯಿ ತೆರೆದಿದ್ದ; ಏನೋ ಹೇಳುತ್ತಾನೆಂದು ಕೌಕೊ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದ; ಒಯ್ವ ಬಾಯಿ ಮುಚ್ಚಿ ಇನ್ನೊಂದು ಸೌಟು ನೀರು ಎರಚಿದ್ದ. ಕಿವಿ ಸುಡುವಷ್ಟು ಹಬೆ. ಈ ಮನುಷ್ಯ, ಹುಡುಗರಾಗಿದ್ದಾಗಿನ ಆ ಒಂದು ಭಾನುವಾರ, ಅಟ್ಟಣೆಯ ಏಣಿಯಲ್ಲಿ ತನ್ನ ಕೆಳಗಿನ ಮೆಟ್ಟಿಲಲ್ಲೇ ಇದ್ದವನು. ಹೆಗಲ ಮೇಲೆ ಸ್ಕೀ ಹಲಗೆ, ಮೂಗಿನ ತುದಿ ಕೆಂಪು. ತಾನು ಅಟ್ಟಣೆಯ ತುದಿಗೆ ಹೋಗಿ ಕೂತದ್ದು, ಕೆರೆಯಾಚೆಗೆ ಚರ್ಚಿನ ಗೋಪುರ ಕಂಡದ್ದು, ಅದು ತನಗಿಂತ ಕೆಳಗಿದೆ ಅನ್ನಿಸಿದ್ದು. ಕೆಳಗೆ ಕುದುರೆಯ ಲಗಾಮು ಹಿಡಿದು ಅಪ್ಪ, ಬೆರಳುದ್ದ. ರಸದ ಪಾತ್ರೆಯ ಬಳಿ ಲೆಂಪಿಯ ಕೆಂಪು ಟೋಪಿ. ಎಲ್ಲರೂ ಮೇಲೆ ನೋಡುತ್ತಿದ್ದರು, ಯಾರೂ ಏನೂ ಅನ್ನಲಿಲ್ಲ. ಹಾರು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕೌಕೊ ಹಲಗೆಯ ಪಟ್ಟಿ ಬಿಚ್ಚಿ, ತಿರುಗಿ, ಏಣಿಗೆ ಕಾಲಿಟ್ಟ. ಏಣಿ ಒಬ್ಬರಷ್ಟೇ ಅಗಲ. ಅವನು ಇಳಿಯಬೇಕಾದರೆ ಒಯ್ವ ಇಳಿಯಬೇಕು, ಒಯ್ವನ ಕೆಳಗಿದ್ದವನು ಇಳಿಯಬೇಕು, ಅವನ ಕೆಳಗಿನವನು, ಅವನ ಕೆಳಗಿನವನು. ಊರಿನ ಹುಡುಗರೆಲ್ಲ ಹಲಗೆ ಹೊತ್ತು ಏಡಿಗಳ ಹಾಗೆ ಹಿಮ್ಮುಖವಾಗಿ ಒಬ್ಬೊಬ್ಬರೇ ಇಳಿದರು, ಒಂದು ಮಾತಿಲ್ಲದೆ. ಆ ಇಳಿತ ಒಂದು ಇಡೀ ಚಳಿಗಾಲದಷ್ಟು ಉದ್ದವಿತ್ತು. ನೆಲಕ್ಕೆ ಬಂದಾಗ ಅಪ್ಪ ಕುದುರೆಯ ಕಿವಿ ಕೆರೆಯುತ್ತ ನಿಂತಿದ್ದ. ಲೆಂಪಿ ಒಂದು ಲೋಟ ರಸ ಕೊಟ್ಟು ಕಾಸು ತೆಗೆದುಕೊಳ್ಳಲಿಲ್ಲ. ನಗಬಹುದಿತ್ತು ಯಾರಾದರೂ. ಒಬ್ಬ ನಕ್ಕಿದ್ದರೆ ತಾನು ಅವನ ಮೂಗಿಗೆ ಗುದ್ದಬಹುದಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ನಗಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಒಯ್ವ ಮತ್ತೆ ಏಣಿ ಹತ್ತಿ ಹಾರಿದ, ಯಾರೂ ಕಂಡರಿಯದಷ್ಟು ದೂರ.

ಕೌಕೊ ಕೊಂಬೆಗಳ ಕಟ್ಟು ಹೊತ್ತು ಬಳಸುದಾರಿಯಲ್ಲಿ ನೆತ್ತಿಗೆ ಹತ್ತಿದ. ಗೆರೆ ಎಲ್ಲಿಂದ ಹೊರಡುತ್ತದೋ ಅಲ್ಲಿ ಮೊದಲ ಗುರುತು ಹಾಕಬೇಕಿತ್ತು. ಅಷ್ಟರಲ್ಲಿ ಯಂತ್ರ ಬಂತು. ಅದನ್ನು ಓಡಿಸುತ್ತಿದ್ದವಳು ಒಯ್ವನ ಮಗಳು ಮಾರ್ಕೆತ್ತ. ಅವಳು ಆ ಕಬ್ಬಿಣದ ಬಕೆಟ್ಟಿನಿಂದ ಮೊಟ್ಟೆ ಒಡೆದು ಬಿಳಿ ಬೇರೆ ಹಳದಿ ಬೇರೆ ಮಾಡಬಲ್ಲಳೆಂದು ಮೂರು ಊರಿಗೆ ಗೊತ್ತು. ಯಂತ್ರವನ್ನು ಕೆಳಗೆ ನಿಲ್ಲಿಸಿ, ಅಪ್ಪನ ಹೆಗಲು ತಟ್ಟಿ, ಅವಳು ನೆತ್ತಿಗೆ ನಡೆದು ಬಂದಳು. ಪಟ್ಟಣದಲ್ಲಿ ಹತ್ತು ವರ್ಷ ಕೆಲಸ ಮಾಡಿ ಬಂದವಳಾದ್ದರಿಂದ ಅವಳಿಗೆ ಊರಿನ ಕಾಯಿಲೆ ಅಷ್ಟಾಗಿ ಉಳಿದಿರಲಿಲ್ಲ.

"ಎಲ್ಲಿಂದ ಶುರು ಮಾಡ್ಲಿ?"

"ಆ ಕಲ್ಲುಗಳ ಹಿಂದಿಂದ."

"ಕಲ್ಲೂ ಹೋಗ್ಬೇಕಾ?"

"ಹೋಗ್ಬೇಕು."

ಅವಳು ಒಂದು ಕಲ್ಲಿನ ಮೇಲೆ ಕಾಲಿಟ್ಟು ಗುಂಡಿಯೊಳಗೆ ನೋಡಿದಳು. "ಸರಿ. ನಿನಗೆ ಸಮಾಧಾನ ಆಗೋದಾದ್ರೆ ನನ್ನದೇನು."

"ನನಗೇನು ಸಮಾಧಾನ?"

"ಏನು ಅಂದ್ರೆ? ನಿನಗೋಸ್ಕರ ತಾನೇ ಇದೆಲ್ಲ. ಊರವರಿಗೆಲ್ಲ ಈ ದರೆ ಇರ್ಲಿ ಅಂತಾನೇ ಇತ್ತು. ನಮ್ಮಪ್ಪ ಅವತ್ತು ಸಭೆಯಿಂದ ಬಂದವನು ಊಟಾನೇ ಮಾಡ್ಲಿಲ್ಲ. ನೀನು ಇಳಿಜಾರನ್ನ ಮೊದಲು ಓದಿದೆಯಂತೆ. ಪಾಪ, ಆ ಏಣಿ ಇನ್ನೂ ಕೌಕೊನ ಎದೇಲೇ ಇದೆ, ಅವನ ಕಣ್ಣಿಂದ ಈ ಜಾಗ ಮರೆಯಾಗೋದಾದ್ರೆ ಆಗ್ಲಿ, ನಾವು ಅಡ್ಡ ಮಾತಾಡೋದು ಬೇಡ ಅಂತ ಎಲ್ರೂ ಸುಮ್ನಿದ್ರಂತೆ. ಲೆಂಪೀನೂ ಹಾಗೇ ಅಂದ್ಲಂತೆ ಹೊರಗೆ ಬಂದು."

ಕೌಕೊನ ಕೈಯಲ್ಲಿದ್ದ ಕೊಂಬೆಯ ಸೂಜಿಯೆಲೆಗಳು ಅಂಗೈಗೆ ಚುಚ್ಚುತ್ತಿದ್ದವು. ಅದೊಂದೇ ಅವನಿಗೆ ಸರಿಯಾಗಿ ತಿಳಿಯುತ್ತಿದ್ದದ್ದು. ಅಂದರೆ ಗೊತ್ತಿತ್ತು. ಎಲ್ಲರಿಗೂ. ಅಂಗಡಿಯಲ್ಲಿ ಮೊಳೆ ಕೊಳ್ಳುವಾಗ, ಚರ್ಚಿನಲ್ಲಿ ಎದ್ದು ನಿಂತಾಗ, ತನ್ನ ಮದುವೆಯ ದಿನ, ಅಪ್ಪನ ಮಣ್ಣಿನ ದಿನ, ಎಲ್ಲ ಕಡೆಯೂ ಆ ಏಣಿ ಇತ್ತು, ತಾನು ಹೆದರಿದ್ದ ಹಾಗೆಯೇ. ಮುಖಕ್ಕೆ ಬಿಸಿ ಏರಿತು. ಅದರ ಬೆನ್ನಿಗೇ ಇನ್ನೊಂದು ಬಂತು, ಅದಕ್ಕೆ ಅವನ ಬಳಿ ಹೆಸರಿರಲಿಲ್ಲ. ಆ ಏಣಿಯನ್ನು ಇಡೀ ಊರು ಇಷ್ಟು ವರ್ಷ ಹಿಡಿದುಕೊಂಡು ನಿಂತಿತ್ತು, ಅಲ್ಲಾಡದ ಹಾಗೆ, ಅವನು ಬೀಳದ ಹಾಗೆ.

"ನಮ್ಮಪ್ಪ ನಿನಗೆ ಹೇಳೇ ಇಲ್ವಾ?" ಎಂದಳು ಮಾರ್ಕೆತ್ತ. "ಅವತ್ತು ನೀನು ತಿರುಗದೇ ಇದ್ದಿದ್ರೆ ಅವನೇ ತಿರುಗ್ತಿದ್ದನಂತೆ. ನೀನು ಇಳಿದು ಬಂದಿದ್ದು ನೋಡಿ, ದೇವರೇ ಬಚಾವಾದೆ ಅಂದ್ಕೊಂಡನಂತೆ. ಆಮೇಲೆ ನಾಚಿಕೆಯಾಗಿ ಹತ್ತಿ ಹಾರಿದ್ದಂತೆ. ಕುಡಿದಾಗೆಲ್ಲ ಇದೇ ಕತೆ ನಮ್ಮನೇಲಿ. ಕೌಕೊ ಇಳಿದಿದ್ರಿಂದಲೇ ನಾನು ಹಾರಿದ್ದು ಅಂತಾನೆ."

ಕೆಳಗೆ ಒಯ್ವ ಟೋಪಿ ತೆಗೆದು ತಲೆ ಒರೆಸಿಕೊಳ್ಳುತ್ತಿದ್ದ. ಇಲ್ಲಿಂದ ಅವನು ಬೆರಳುದ್ದ ಕಾಣುತ್ತಿದ್ದ. ದಾರಿಯ ತಿರುವಿನಲ್ಲಿ ಕಾಫಿಯ ಫ್ಲಾಸ್ಕ್ ಹಿಡಿದು ಲೆಂಪಿ ಬರುತ್ತಿದ್ದಳು, ತಲೆಯ ಮೇಲೆ ಯಾವುದೋ ಕೆಂಪು. ಕೌಕೊ ನಾಲ್ಕು ಕಲ್ಲುಗಳ ನಡುವೆ ಹೋಗಿ ನಿಂತ. ಅಂಚು ಅವನ ಬೂಟಿನ ಮುಂದೆಯೇ ಇತ್ತು. ಬೆಚ್ಚಗಿನ ಮರಳಿನ ವಾಸನೆ ಮೇಲೆ ಬಂತು, ಅದರ ಹಿಂದೆ ಡಾಂಬರು, ಅದರ ಹಿಂದೆ ಕುದುರೆ. ಚರ್ಚಿನ ಗೋಪುರ ಕೆರೆಯಾಚೆ ಅಲ್ಲೇ ಇತ್ತು. ಅದು ಈಗಲೂ ಅವನಿಗಿಂತ ಕೆಳಗೇ ಇತ್ತು.

ಕಾಲು ಜಾರಿತು ಎನ್ನುವವರಿದ್ದಾರೆ. ಅವರ ಮಾತು ಕೇಳಬೇಡಿ, ಅವರು ಅಲ್ಲಿರಲಿಲ್ಲ. ಕೌಕೊ ಕೋಟಿನ ಗುಂಡಿ ಹಾಕಿಕೊಂಡ, ಕನ್ನಡಕ ತೆಗೆದು ಮಾರ್ಕೆತ್ತಳ ಕೈಯಲ್ಲಿಟ್ಟ. ಜಾರಿ ಬೀಳುವವನು ಕನ್ನಡಕ ಕೊಟ್ಟು ಬೀಳುತ್ತಾನೆಯೇ? ಹಳೆಯ ಹಾರುವವರ ಹಾಗೆ ಮೊಣಕಾಲು ಬಗ್ಗಿಸಿದ, ಕೈಗಳನ್ನು ಹಿಂದಕ್ಕೆ ಚಾಚಿದ, ಮತ್ತು ಹೊರಟ. ಮೊದಲ ಗೇಣು ಅವನು ಗಾಳಿಯಲ್ಲಿದ್ದ, ಇದಕ್ಕೆ ಮೂರು ಸಾಕ್ಷಿಗಳಿದ್ದಾರೆ. ಆ ಗೇಣಿನಲ್ಲಿ ಅವನಿಗೆ ರಷ್ಯದ ಗಡಿ ಕಂಡಿತು, ಅಪ್ಪನ ಕೈಗವಸು ಕಂಡಿತು, ಕನ್ನಡಕವಿಲ್ಲದೆಯೂ ಲೆಂಪಿಯ ತುಟಿಯ ನೇರಳೆ ಬಣ್ಣ ಕಂಡಿತು. ಆಮೇಲೆ ಅವನ ಪೃಷ್ಠ ಮರಳಿಗೆ ತಾಗಿತು, ಅಲ್ಲಿಂದ ಮುಂದಿನದು ಜಾರಾಟ. ಸಭೆಗೆ ಹಾಕಿಕೊಳ್ಳುವ ಪ್ಯಾಂಟು ಹರಿದ ಸದ್ದು ಎಲ್ಲರಿಗೂ ಕೇಳಿತು. ಅರ್ಧ ದರೆಯ ಮರಳು ಅವನ ಜೊತೆ ಹರಿದು ಬಂತು, ಹೊಳೆಯ ಮೇಲೆ ಕೂತವನಂತೆ ಅವನು ಇಳಿದ. ಹಿಮ್ಮುಖವಾಗಿ ಅಲ್ಲ, ಮುಖ ಮುಂದಕ್ಕೆ. ಜಾರಿನ ಬುಡದಲ್ಲಿ ಬೂಟಿನ ಹಿಮ್ಮಡಿ ಊರಿ ನಿಂತ. ದೂಳು ಅವನನ್ನು ದಾಟಿ ಹೋಗಿ ಯಂತ್ರದ ಮೇಲೆ ಕೂತಿತು.

ಲೆಂಪಿ ಫ್ಲಾಸ್ಕ್ ಎದೆಗವಚಿಕೊಂಡು ನಿಂತಿದ್ದಳು. ಅವಳ ಬಾಯಿ ತೆರೆದಿತ್ತು, ಅದರಿಂದ ಒಂದು ಅಕ್ಷರವೂ ಬರುತ್ತಿರಲಿಲ್ಲ. ಸೊರ್ಮುಲಾದ ಇತಿಹಾಸದಲ್ಲಿ ಇದು ಮೊದಲನೆಯದು. ಕೌಕೊ ಬಾಯಲ್ಲಿದ್ದ ಮರಳು ಉಗಿದ. ನೋಯುತ್ತಿದ್ದ ಜಾಗಗಳನ್ನು ಎಣಿಸುವುದಕ್ಕಿಂತ ನೋಯದ ಜಾಗ ಹುಡುಕುವುದು ಸುಲಭವಿತ್ತು.

ಕೊನೆಗೆ ಲೆಂಪಿಗೆ ದನಿ ಬಂತು. "ಇಷ್ಟು ಹೊತ್ತು ಬೇಕಾಯ್ತಾ," ಎಂದಳು. "ರಸ ಆರಿಹೋಯ್ತು. ಕಾಫಿ ಇದೆ."

ಮಾರ್ಕೆತ್ತ ಮೇಲಿನಿಂದ ಬಗ್ಗಿ ಕೂಗಿದಳು. "ಬದುಕಿದೀಯಾ?"

"ಇದೀನಿ."

"ಹಾಗಾದ್ರೆ ನನ್ನ ಕೆಲ್ಸ ಏನು? ಎಲ್ಲೀವರೆಗೆ ಬರ್ಲಿ ಯಂತ್ರ?"

ಕೌಕೊ ಕೋಟಿನ ಜೇಬಿಗೆ ಕೈ ಹಾಕಿದ. ನಕ್ಷೆಯ ಜೊತೆ ಒಂದು ಹಿಡಿ ಮರಳು ಬಂತು. ಪೆನ್ಸಿಲಿನ ಗೆರೆ ಅರ್ಧಕ್ಕರ್ಧ ತಾನಾಗಿಯೇ ಉಜ್ಜಿಹೋಗಿತ್ತು. ಉಳಿದದ್ದನ್ನು ಅವನು ಹೆಬ್ಬೆರಳಿನಿಂದ ಉಜ್ಜಿದ. "ದರೆ ಇರ್ಲಿ," ಎಂದ. ದನಿ ಸಣ್ಣದಿತ್ತು, ಆದರೆ ಗುಂಡಿ ಅದನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿತು. ಯಾರಿಗೂ ಕೇಳಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ. "ನನಗೆ ದರೆ ಬೇಕು. ಅವತ್ತೂ ಬೇಕಾಗಿತ್ತು."

"ಅಯ್ಯೋ ಪುಣ್ಯಾತ್ಮ," ಎಂದಳು ಲೆಂಪಿ, "ಇದನ್ನ ಹೇಳೋಕೆ ಪ್ಯಾಂಟು ಹರ್ಕೋಬೇಕಾಗಿತ್ತಾ."

"ನೀನೂ ಹೇಳ್ಲಿಲ್ಲ."

"ನಾನು ಹೇಳಿದ್ರೆ ಮಾತಾಡ್ತಾಳೆ ಅಂತೀರಲ್ಲ."

ಒಯ್ವ ಮಾತ್ರ ಇದ್ಯಾವುದನ್ನೂ ಕೇಳಿಸಿಕೊಂಡ ಹಾಗಿರಲಿಲ್ಲ. ಅವನು ಕುಂಟುತ್ತ ಜಾರಿನ ಬುಡಕ್ಕೆ ಬಂದಿದ್ದ. ಮರಳಿನ ಜೊತೆ ಉರುಳಿ ಬಂದಿದ್ದ ಕೊಂಬೆಗಳಲ್ಲಿ ಒಂದನ್ನು ಆರಿಸಿ, ಕೊಡವಿ, ಕೌಕೊನ ಬೂಟಿನ ಬಳಿ ಬಗ್ಗಿದ. ಒಂದು ಕಣ್ಣು ಮುಚ್ಚಿ ನೆತ್ತಿಯ ಕಲ್ಲುಗಳತ್ತ ನೋಡಿದ, ಮತ್ತೆ ಹಿಮ್ಮಡಿಯ ಗುರುತು ನೋಡಿದ, ಚರ್ಚಿನಲ್ಲಿ ಇರುವಷ್ಟು ಗಂಭೀರವಾಗಿ. ತನ್ನ ಸ್ವಂತ ತಮ್ಮನಿಗೆ ಒಂದು ಬೆರಳು ಹೆಚ್ಚು ಕೊಡದ ಒಯ್ವ ಆಮೇಲೆ ಹಿಮ್ಮಡಿಯ ಗುರುತನ್ನು ದಾಟಿ, ಪೂರ್ತಿ ಒಂದು ಬೂಟಿನಷ್ಟು ಮುಂದೆ, ಗುಂಡಿಯ ಕಡೆಗೆ, ಕೊಂಬೆಯನ್ನು ಚುಚ್ಚಿದ. ಬುಡಕ್ಕೆ ಮರಳು ಒತ್ತಿ, ಅಂಗೈಯಿಂದ ಎರಡು ಸಲ ತಟ್ಟಿದ.

ಕೌಕೊ ಕೊಂಬೆ ನೋಡಿದ, ತನ್ನ ಹಿಮ್ಮಡಿಯ ಗುರುತು ನೋಡಿದ.

"ಯಂತ್ರ ಎಲ್ಲೀವರೆಗೆ ಅಂದ್ಲು ಹುಡುಗಿ," ಎಂದ ಒಯ್ವ, ಬಗ್ಗಿದಲ್ಲಿಂದಲೇ.

"ಕೊಂಬೆವರೆಗೆ," ಎಂದ ಕೌಕೊ.